ಸೋಮವಾರ ಬದಲಿಸಬೇಕಾಗಿದ್ದ ಏಳು

ಹಿರೇಗಡ್ಡೆ, ಕೃಷ್ಣೆಯ ನಡುಗಡ್ಡೆ
ಕ್ರಿ.ಶ. ೨೨೩೭, ಫೆಬ್ರವರಿ ೩೦, ಸೋಮವಾರ

ಫೋನ್ ಜಾಲ ಕೂರಿಸಿದ ಆದೆಪ್ಪನವರಿಗೆ ಅಮರಮ್ಮ ಮಾಡುವ ನಮಸ್ಕಾರಗಳು.

ಫೆಬ್ರವರಿಗೆ ಮೂವತ್ತು ದಿನ ಎಲ್ಲಿಂದ ಬಂತೆಂದು ಕೇಳಬೇಡಿ, ಅದು ಬೇರೆಯೇ ಪುರಾಣ. ನನ್ನ ಕೆಲವು ಮಾತು ನಿಮಗೆ ವಿಚಿತ್ರವೆನಿಸಿದರೆ ಮನ್ನಿಸಿ. ನಾನು ಈ ಊರಿನ ಕರೆಕಟ್ಟೆ ಕಾಯುವವಳು. ಕರೆಕಟ್ಟೆ ಎಂದರೆ, ಇಂಟರ್ನೆಟ್ ಮೇಲೆ ಫೋನ್ ಮಾತಾಡಲೆಂದು ತಲೆಮಾರುಗಳ ಹಿಂದೆ ನೀವು ಇಟ್ಟುಹೋದ ಪೆಟ್ಟಿಗೆ. ಈಗ ಅದರ ಸುತ್ತ ಕಲ್ಲಿನ ಕಟ್ಟೆ, ಮೇಲೆ ಕೀಲಿ ಹಾಕುವ ಕೋಣೆಯಿದೆ. ಪೆಟ್ಟಿಗೆ ಎಷ್ಟೋ ಸಲ ಬದಲಾಗಿದೆ. ಒಳಗಿನ ನಿಮ್ಮ ಬರಹವನ್ನು ಮಾತ್ರ ಯಾರೂ ಓದದೆ ಹಳೆಯದರಿಂದ ಹೊಸದಕ್ಕೆ ನಕಲು ಮಾಡುತ್ತ ಬಂದಿದ್ದೇವೆ. ಇಂದು ಬೆಳಿಗ್ಗೆ ನಾನು ಓದಿದೆ. ಓದಿದವಳೇ ಈ ಪತ್ರ ಬರೆಯಲು ಕೂತೆ.

ನಮ್ಮಲ್ಲಿ ಐದು ಸಾವಿರ ಜನ. ಒಂದು ಹೊತ್ತಿಗೆ ಏಳೇ ಕರೆ, ನಿಮಿಷಕ್ಕೆ ಎರಡೇ ಹೊಸ ಕರೆ. ಇದಕ್ಕೆ ಏಳರ ನೇಮ ಎನ್ನುತ್ತೇವೆ. ಎಂಟನೆಯವರಿಗೆ ಟೂಂ ಟೂಂ ಸದ್ದು ಕೇಳುತ್ತದೆ. ಆಗ ಫೋನ್ ಕೆಳಗಿಟ್ಟು, ಹೊಸ್ತಿಲ ಬಳಿ ಕೂತು ನೂರು ಎಣಿಸಬೇಕು. ತಡೆಯಲಾರದೆ ಮತ್ತೆ ಒತ್ತುವ ಮನೆಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುತ್ತಾರೆ. ವಾರಕ್ಕೆ ದಿನ ಏಳು, ಸಪ್ತಪದಿಗೆ ಹೆಜ್ಜೆ ಏಳು, ಇನ್ನು ಕರೆ ಎಂಟು ಹೇಗಾದೀತು ಎಂದು ನಾನೇ ಮಕ್ಕಳಿಗೆ ಪಾಠ ಹೇಳಿದ್ದೇನೆ.

ಹೋದ ಶ್ರಾವಣದಲ್ಲಿ ಹೊಳೆ ಏರಿತು. ತಗ್ಗಿನ ಓಣಿಯಲ್ಲಿದ್ದ ನನ್ನ ತಂಗಿ ಹುಲಿಗೆಮ್ಮ ದೋಣಿ ಕಳಿಸಿ ಎನ್ನಲು ಕರೆ ಮಾಡಿದಳು. ಎಂಟನೆಯವಳಾದಳು. ಬದುಕುಳಿದ ಪಕ್ಕದ ಮನೆಯ ಯಂಕಮ್ಮ ಆಮೇಲೆ ಹೇಳಿದಳು: "'ಇನ್ನೊಮ್ಮಿ ಒತ್ತವ್ವ, ನೀರು ಬಂತು' ಅಂದೆ. 'ನೂರು ಆಗಿಲ್ಲಲ್ಲಕ್ಕ. ಕಟ್ಟಿ ಕಾಯಾಕಿ ತಂಗಿನೇ ನೇಮ ಮುರದ್ರ ಊರಾಗ ಏನಂತಾರ' ಅಂದ್ಳು." ಅವಳು ಎಪ್ಪತ್ತರವರೆಗೆ ಎಣಿಸಿದ್ದನ್ನು ಯಂಕಮ್ಮ ಕೇಳಿದ್ದಾಳೆ. ಆ ಹೊತ್ತಿನ ಏಳು ಕರೆಗಳಲ್ಲಿ ಒಂದು ನನ್ನದೇ. ಉಪ್ಪಿನಕಾಯಿಗೆ ಬೂಸು ಬಂದಿದೆಯೆಂದು ಬೀಗಿತಿಯ ಹತ್ತಿರ ಗೋಳಾಡುತ್ತಿದ್ದೆ.

ಇಂದು ನಾನು ಓದಿದ್ದು ಇಷ್ಟು: "ಪರೀಕ್ಷೆ ಮಾಡಾಕ ಸದ್ಯಕ್ಕ ಏಳು ಇಟ್ಟೀನಿ. ಪೆಟ್ಟಿಗಿ ಏಳುನೂರು ತಡಿತೈತಿ. ಸೋಮವಾರ ಬದ್ಲಿ ಮಾಡಬೇಕು. ಆದೆಪ್ಪ."

ಅಯ್ಯೋ ಪುಣ್ಯಾತ್ಮ! ಸದ್ಯಕ್ಕೆ! ನಾವು ಮುನ್ನೂರು ಸಲವಾದರೂ ಕುಂಕುಮ ಹಚ್ಚಿದ ಅಂಕಿ ನಿಮ್ಮ ಪಾಲಿಗೆ ಒಂದು ಮಧ್ಯಾಹ್ನದ ಕೆಲಸವಾಗಿತ್ತೇ? ಮಿತಿಯೇ ಬೇಡ ಎನ್ನುವಷ್ಟು ದಡ್ಡಿ ನಾನಲ್ಲ. ಊರೆಲ್ಲ ಒಮ್ಮೆಗೇ ನುಗ್ಗಿದರೆ ಪೆಟ್ಟಿಗೆ ಕುಸಿದು ಯಾರ ಮಾತೂ ಯಾರಿಗೂ ಮುಟ್ಟುವುದಿಲ್ಲ, ಅದು ಗೊತ್ತು. ಆದರೆ ಏಳುನೂರು ಹೊರುವ ಎತ್ತಿಗೆ ಏಳು ಹೊರಿಸಿ ಎದ್ದುಹೋದಿರಲ್ಲ. ಈ ಪತ್ರ ಹೇಗಾದರೂ ನಿಮ್ಮ ಕೈ ಸೇರಿದರೆ, ಊಟ ಬಿಟ್ಟಾದರೂ ಎದ್ದುಹೋಗಿ ಆ ಅಂಕಿ ತಿದ್ದಿ. ಸೋಮವಾರದವರೆಗೆ ಕಾಯಬೇಡಿ.

ಇಷ್ಟು ಬರೆದು ಮೇಲಿನ ತಾರೀಖು ನೋಡಿದೆ: ಫೆಬ್ರವರಿ ಮೂವತ್ತನ್ನೂ ತಿದ್ದದೆ ಒಪ್ಪಿಕೊಂಡವರು ನಾವು. ನಿಮ್ಮನ್ನು ಬೈಯಲು ನನಗೇನು ಬಾಯಿದೆ? ನಲವತ್ತು ವರ್ಷ ಕೀಲಿ ನನ್ನ ಸೊಂಟದಲ್ಲೇ ಇತ್ತು. ಸುದ್ದಿ ತಿಳಿದ ಹಿರಿಯರು ಹೊರಗೆ ಸೇರಿ, "ಏಳು ಮುಟ್ಟಬ್ಯಾಡವ್ವ ಅಮರಮ್ಮ" ಎಂದು ಕೂಗುತ್ತಿದ್ದಾರೆ. ನಾನು ಒಳಗಿನಿಂದ ಚಿಲಕ ಹಾಕಿದ್ದೇನೆ.

ಬರುತ್ತೇನೆ, ಆದೆಪ್ಪನವರೇ. ನೀವು ಹೇಳಿದ ಸೋಮವಾರ ಇವತ್ತೇ.