ಮಳೆ ಬಂದ ಮಾರನೆಯ ದಿನ

ಮಾರ್ಚ್ 14, 1983. ಸೋಮವಾರ

ಲಾರಿ ಇವತ್ತೂ ಲೇಟು. ರಾಮನಗರದ ಗೋಡೌನ್ ಮುಂದೆ ಹನ್ನೊಂದರವರೆಗೆ ಶತಪಥ ಹಾಕಿದ್ದೇ ಬಂತು. ರಸ್ತೆ ತುಂಬ ಗೂಡಿನ ಮಾರ್ಕೆಟ್ಟಿನ ಗಲಾಟೆ — ಬಸ್ಸಿನ ಟಾಪಿನ ಮೇಲೆ ಗೂಡು, ಟೆಂಪೋದಲ್ಲಿ ಗೂಡು, ಸೈಕಲ್ ಕ್ಯಾರಿಯರ್ ಮೇಲೂ ಗೂಡು. ರೇಷ್ಮೆಗೆ ಬಂದಿರೋ ರೇಟಿಗೆ ಜನ ಹುಚ್ಚೆದ್ದಿದ್ದಾರೆ. ನಮ್ಮ ಗೋಧಿ ನುಚ್ಚಿನ ಲಾರಿಗೆ ದಾರಿ ಬಿಡೋರು ಯಾರು?

ಡ್ರೈವರ್ ರಸೂಲ್ ಇಳಿದವನೇ, "ಹುಳದ ಸೊಪ್ಪಿನ ಗಾಡಿ ಆಗಿದ್ರೆ ಪೊಲೀಸೇ ದಾರಿ ಮಾಡಿಕೊಡ್ತಿದ್ದ ಸಾಬ್. ಮನುಷ್ಯರ ಊಟ ನೋಡಿ, ಅದಕ್ಕೇ ಕಾಯಬೇಕು" ಅಂದ. ನಗು ಬಂತು, ಸಿಟ್ಟೂ ಬಂತು.

ನಮ್ಮ ಬರ ಪರಿಹಾರ ಸಂಸ್ಥೆಯದು ಒಂಬತ್ತು ಗಂಜಿ ಕೇಂದ್ರ, ಒಂದು ಲಾರಿ, ಒಬ್ಬ ನಾನು. ಕೂಟಗಲ್, ತಿಪ್ಪಸಂದ್ರ, ಕಲ್ಯದ ಸುತ್ತಮುತ್ತ, ಕನಕಪುರದ ಕಡೆ ಮೂರು. ಎಲ್ಲಿ ಹೋದರೂ ಒಂದೇ ದೂರು — ನುಚ್ಚಿನ ಉಪ್ಪಿಟ್ಟು ಸಪ್ಪೆ. ಹಡಗು ಹತ್ತಿ ಬಂದ ಗೋಧಿ, ಮುದ್ದೆ ತಿನ್ನೋ ಬಾಯಿ. ಎಲ್ಲಿ ಒಗ್ಗೀತು.

ಮಾರ್ಚ್ 17. ಗುರುವಾರ

ಅಂಕನಪಾಳ್ಯ. ಕಲ್ಯದಿಂದ ನಾಲ್ಕು ಮೈಲಿ ಒಳಗೆ. ಒಂದೇ ಹೆಸರಿನ ಎರಡು ಊರು ಅನ್ನಬೇಕು. ಮೇಲುಗಡೆ ತೋಟದವರು — ಬೋರ್‌ವೆಲ್, ಹಿಪ್ಪುನೇರಳೆ, ಹುಳದ ಮನೆ, ಹೊಸ ಮೋಟರ್ ಬೈಕು. ಕೆಳಗಡೆ ಹಟ್ಟಿ, ಕುರಿ ಸಾಕುವವರು. ಎರಡು ವರ್ಷದಿಂದ ಮಳೆ ಇಲ್ಲ. ಕುರಿ ಅರ್ಧ ಸತ್ತವು, ಅರ್ಧ ಮಾರಿದರು. ಹಟ್ಟಿಯ ಬಾವಿಯಲ್ಲಿ ಹಗ್ಗ ಬಿಟ್ಟರೆ ಬಕೆಟ್ಟು ಕಲ್ಲಿಗೆ ಹೊಡೆಯುತ್ತೆ.

ಹೋದ ವರ್ಷ ಕುರಿ ತೋಟಕ್ಕೆ ನುಗ್ಗಿದವು ಅಂತ ದೊಣ್ಣೆ ಎದ್ದು ಮೂರು ತಲೆ ಒಡೆದಿತ್ತು. ತಿಂಗಳು ಪೊಲೀಸ್ ವ್ಯಾನು. ಈಗಲೂ ಎರಡು ಕಡೆಯವರು ಒಂದು ಅಂಗಡಿಯಲ್ಲಿ ಬೀಡಿ ಕೊಳ್ಳಲ್ಲ.

ನಮ್ಮ ಕೇಂದ್ರ ಸ್ಕೂಲ್ ಜಗಲಿಯಲ್ಲಿ. ದಿನಕ್ಕೆ ಇನ್ನೂರು ಜನ, ಹಟ್ಟಿಯವರೇ ಎಲ್ಲ. ನೀರು ಮಾತ್ರ ಬೋರಲಿಂಗಯ್ಯನವರ ಬೋರ್‌ವೆಲ್ಲಿನದು. ತೋಟದವರ ಯಜಮಾನರು. ಅವರ ಹುಳದ ಮನೆ ಸ್ಕೂಲಿನ ಗೋಡೆಗೆ ಅಂಟಿಕೊಂಡೇ ಇದೆ. ನೀರಿಗೆ ಒಂದೇ ಷರತ್ತು: ಹುಳ ಇರುವಷ್ಟು ದಿನ ಜಗಲಿಯಲ್ಲಿ ಒಗ್ಗರಣೆ ಹಾಕಬಾರದು. ಮೆಣಸಿನಕಾಯಿ ಘಾಟು ಹುಳಕ್ಕೆ ಆಗಲ್ಲವಂತೆ.

"ಹುಳದ ಮೂಗು ಬಲೇ ಸೂಕ್ಷ್ಮ ಕಣ್ರೀ ನಂಜುಂಡಯ್ಯನೋರೆ. ಘಾಟು ಬಡುದ್ರೆ ಸೊಪ್ಪು ಮುಟ್ಟಾಕಿಲ್ಲ."

ಆಯ್ತು ಅಂದೆ. ಮನಸ್ಸಿನಲ್ಲಿ, ಹುಳಕ್ಕಿರೋ ಉಪಚಾರ ಹಟ್ಟಿಯ ಮಕ್ಕಳಿಗಿಲ್ಲವಲ್ಲ ಅಂದುಕೊಂಡೆ. ಬೈಕ್ ಹತ್ತಿದ ಮೇಲೂ ಅದೇ.

ಮಾರ್ಚ್ 23. ಬುಧವಾರ

ಅಂಕನಪಾಳ್ಯದಲ್ಲಿ ತಲೆ ಕೆಟ್ಟಿತು. ಇಪ್ಪತ್ತು ತಟ್ಟೆ ಉಪ್ಪಿಟ್ಟು ಬೇಲಿ ಆಚೆ. ನಾಯಿ ಮೂಸಿ ನೋಡಿ ಹೊರಟುಹೋಯ್ತು. ಒಂದು ಮಗು ಬಾಯಿಗಿಟ್ಟು ಉಗಿದದ್ದನ್ನ ಕಣ್ಣಾರೆ ಕಂಡೆ. ಪಕ್ಕೆಲುಬು ಎಣಿಸಬಹುದು, ಆದರೂ ಉಗಿಯುತ್ತೆ.

ಅಡುಗೆಯವಳು ಮುನಿತಾಯಮ್ಮ. ಹಟ್ಟಿಯವಳು, ಐವತ್ತರ ಮೇಲೆ, ಗಂಡ ಇಲ್ಲ. ಕೋಣೆಯಲ್ಲಿ ಸಂಸ್ಥೆಯ ಎಣ್ಣೆ ಟಿನ್ನು ಸೀಲ್ ಕೂಡ ಒಡೆಯದೆ ಕೂತಿದೆ. ಸಾಸಿವೆ, ಒಣಮೆಣಸಿನಕಾಯಿ ಜೇಬಿನಿಂದ ತರಿಸಿದೆ. "ಹಾಕು ಒಗ್ಗರಣೆ" ಅಂದೆ.

"ಬ್ಯಾಡಿ ಸಾರ್. ಪಕ್ಕದಲ್ಲೇ ಹುಳ ಜ್ವರಕ್ಕೆ ಕುಂತವೆ." ಹುಳ ಪೊರೆ ಬಿಡೋಕೆ ಮುಂಚೆ ಮೇವು ಬಿಟ್ಟು ಮಲಗೋದಕ್ಕೆ ಇಲ್ಲಿ ಜ್ವರ ಅಂತಾರೆ. ನಾಲ್ಕನೆಯದು, ಕೊನೆಯದು.

"ಹುಳದ ಜ್ವರ ನೋಡ್ತೀಯೋ, ನಿನ್ನ ಮೊಮ್ಮಕ್ಕಳ ಹೊಟ್ಟೆ ನೋಡ್ತೀಯೋ?" ಜೋರಾಗಿಯೇ ಹೇಳಿದೆ. ಅವಳು ಬಾಣಲೆ ಇಟ್ಟಳು.

ಘಾಟು ಎದ್ದಿತು. ಎಲ್ಲರೂ ಕೆಮ್ಮಿದರು, ಎಲ್ಲರೂ ತಿಂದರು. ಪಾತ್ರೆ ಬಳಿದು ತಿಂದರು. ಖುಷಿ ಆಯ್ತು, ಸುಳ್ಳು ಯಾಕೆ ಹೇಳಲಿ. ದಾರಿಯುದ್ದಕ್ಕೂ ಶಿಳ್ಳೆ ಹಾಕಿಕೊಂಡು ಬಂದೆ.

ಮಾರ್ಚ್ 26. ಶನಿವಾರ. ಸಂಜೆ

ಬೋರಲಿಂಗಯ್ಯನವರ ಹುಳ ಜ್ವರದಿಂದ ಏಳಲಿಲ್ಲ. ಇನ್ನೂ ಐದು ಮನೆಯದೂ ಹಾಗೇ. ತಟ್ಟೆ ತಟ್ಟೆ ಹುಳ ತಿಪ್ಪೆಗೆ. ನಾನು ಹೋಗೋ ಹೊತ್ತಿಗೆ ಜಗಲಿ ಮುಂದೆ ಅರವತ್ತು ಜನ, ಕೆಲವರ ಕೈಯಲ್ಲಿ ದೊಣ್ಣೆ. ಹಟ್ಟಿಯವರೂ ಬರಿಗೈಯಲ್ಲಿ ಬಂದಿರಲಿಲ್ಲ.

"ಯಾರ್ಲಾ ಒಗ್ಗರಣೆ ಹಾಕ್ದೋರು?"

ಬಾಯಿ ತೆರೆದೆ. ತೆರೆದಿದ್ದೆ, ನಿಜ. ಅಷ್ಟರಲ್ಲಿ ಮುನಿತಾಯಮ್ಮ ಮುಂದೆ ಬಂದು, "ನಾನು ಕಣ್ರಪ್ಪ. ತಿಳೀದೆ ಹಾಕ್ಬುಟ್ಟೆ" ಅಂದಳು. ತೆರೆದ ಬಾಯಿ ಮುಚ್ಚಿಕೊಂಡೆ.

ಅರಳಿಕಟ್ಟೆಯಲ್ಲಿ ಪಂಚಾಯ್ತಿ. ಮುನಿತಾಯಮ್ಮ ಇನ್ನು ಅಡುಗೆಗೆ ಬರಕೂಡದು, ಯಾವ ಹುಳದ ಮನೆಗೂ ಕಾಲಿಡಕೂಡದು. ಹಾಗಾದರೆ ನೀರು ಬಿಡ್ತಾರೆ. ದೊಣ್ಣೆ ಕೆಳಗಿಳಿದವು. ಹಟ್ಟಿಯ ಹಿರಿಯ ಲಕ್ಕಯ್ಯ ನನ್ನನ್ನೇ ನೋಡಿಕೊಂಡು, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ" ಅಂದ. ಗೊತ್ತಿದ್ದು ಅಂದನೋ ಸುಮ್ಮನೆ ಅಂದನೋ. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡೆ.

ಹೊರಡುವಾಗ ಅವಳನ್ನ ಕೇಳಿದೆ, ಯಾಕೆ ಹಾಗಂದೆ ಅಂತ.

"ನೀವೋದ್ರೆ ಲಾರಿ ಓಯ್ತದೆ ಸಾರ್. ನಾನೋದ್ರೆ ಇನ್ನೊಬ್ಳು ಬತ್ತಾಳೆ."

ಮಾರ್ಚ್ 27

ಏನೂ ಬರೆಯೋಕೆ ಮನಸ್ಸಿಲ್ಲ.

ಏಪ್ರಿಲ್ 2. ಶನಿವಾರ

ಮಾಗಡಿ, ತಿಪ್ಪಸಂದ್ರ, ವಾಪಸ್ ಮಾಗಡಿ. ಅಂಕನಪಾಳ್ಯಕ್ಕೆ ಹೋಗಬೇಕಿತ್ತು, ಹೋಗಲಿಲ್ಲ. ಕಾರಣ ಟೈರ್ ಪಂಕ್ಚರ್ ಅಂತ ರಿಪೋರ್ಟ್‌ನಲ್ಲಿ ಬರೆದಿದ್ದೀನಿ. ಪಂಕ್ಚರ್ ಆಗಿದ್ದು ನಿನ್ನೆ.

ರಸೂಲ್ ಹೇಳಿದ್ದು: ಮುನಿತಾಯಮ್ಮ ಗಂಜಿ ಸಾಲಿಗೂ ನಿಲ್ಲುತ್ತಿಲ್ಲ. ಹೆಂಗಸರು ಅವಳ ಹಿಂದೆ ನಿಲ್ಲಲು ಹಿಂದೆ ಮುಂದೆ ನೋಡಿದರಂತೆ. ಹಟ್ಟಿಯ ಹೆಂಗಸರೇ. ಬಲಿತು ಹಣ್ಣಾದ ಹುಳವನ್ನ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವಾಗ ತೋಟದವರು ಮೊದಲು ಕರೆಯುತ್ತಿದ್ದದ್ದು ಇವಳನ್ನಂತೆ. ಇವಳ ಕೈ ಬಿದ್ದರೆ ಗೂಡು ಗಟ್ಟಿ ಅಂತ ನಂಬಿಕೆ. ಹೋದ ವರ್ಷ ತಲೆ ಒಡೆದ ವಾರದಲ್ಲೂ ಮೇಲಿನ ಊರಿಗೆ ಹೋಗಿ ಬರುತ್ತಿದ್ದವಳು ಇವಳೊಬ್ಬಳೇ. ಈಗ ಅವಳ ಹೆಸರು ಹುಳ ತಿಂದೋಳು.

"ಬಾಯಿ ಚಟಕ್ಕೆ ಒಗ್ಗರಣೆ ಹಾಕಿದಳಂತೆ ಸಾಬ್, ಪಾಪ" ಅಂದ ರಸೂಲ್. ಟೀ ಅರ್ಧಕ್ಕೆ ಬಿಟ್ಟು ಎದ್ದೆ.

ಏಪ್ರಿಲ್ 9. ಶನಿವಾರ. ಬೆಳಿಗ್ಗೆ 6

ಇವತ್ತು ಹೇಳ್ತೀನಿ. ಬೋರಲಿಂಗಯ್ಯನವರಿಗೇ ಹೇಳ್ತೀನಿ. ಕೊಂದು ತಿನ್ನಲ್ಲವಲ್ಲ.

ಅದೇ ದಿನ. ಸಂಜೆ

ಹೇಳಿದೆ. ಒಗ್ಗರಣೆ ಹಾಕಿಸಿದವನು ನಾನು, ಆಕೆ ಬೇಡ ಅಂದಿದ್ದಳು. ಒಂದೇ ಉಸಿರಿಗೆ.

ಅವರು ಬೈಯಲಿಲ್ಲ. ಬಾಗಿಲು ಮುಂದಕ್ಕೆ ಮಾಡಿ ಬಂದು ಕೂತರು. "ಹುಳ ಘಾಟಿಗೆ ಸಾಯ್ಲಿಲ್ಲ ಕಣ್ರೀ" ಅಂದರು.

ಮೊಟ್ಟೆಯಲ್ಲೇ ರೋಗ ಇತ್ತಂತೆ. ಸರ್ಕಾರಿ ಮೊಟ್ಟೆ ಸಿಗದೆ ಲೈಸೆನ್ಸ್ ಇಲ್ಲದ ಯಾರ ಹತ್ತಿರವೋ ತಂದು, ತಾವೇ ಮುಂದೆ ನಿಂತು ಐದು ಮನೆಗೂ ಹಂಚಿದ್ದಾರೆ. ಮೂರನೇ ಜ್ವರದಲ್ಲೇ ಹುಳ ಒಂದು ಸಣ್ಣ, ಒಂದು ದಪ್ಪ. ಆಗಲೇ ಅವರಿಗೆ ಗೊತ್ತಾಗಿತ್ತು. ಗೊತ್ತಿದ್ದೂ ಪಂಚಾಯ್ತಿಯಲ್ಲಿ ಕೂತಿದ್ದರು.

"ಮತ್ತೆ ಆ ಹೆಂಗಸು?" ಅಂದೆ. ದನಿ ಏರಿತು.

"ನೀವ್ಯಾಕ್ರೀ ಸುಮ್ನಿದ್ರಿ ಅವತ್ತು?"

ಎದ್ದೆ. ಅವರು ಕೈ ಹಿಡಿದು ಕೂರಿಸಿದರು.

"ನಾನೇ ತಂದ ಮೊಟ್ಟೆ ಅಂತ ತಿಳುದ್ರೆ ಈ ಐದು ಮನೆಯೋರು ನನ್ನ ಮಕ ನೋಡಾಕಿಲ್ಲ. ನೀವು ಸುಮ್ನಿರಿ, ನಾನೂ ಸುಮ್ನಿರ್ತೀನಿ. ನೀರು ಓಯ್ತಾ ಇರ್ತದೆ. ಊರ ಮುಂದೆ ಬಾಯಿ ಬುಟ್ರೋ, ಪಂಪು ಬಿಚ್ಚಿ ಒಳಗಿಡ್ತೀನಿ."

ಮಜ್ಜಿಗೆ ಕೊಟ್ಟರು. ಕುಡಿದೆ. ಕುಡಿಯಬಾರದಿತ್ತು.

ಏಪ್ರಿಲ್ 10. ಭಾನುವಾರ

ರಜಾ. ಆದರೂ ಹಟ್ಟಿಗೆ ಹೋದೆ. ಮುನಿತಾಯಮ್ಮ ಒಂದು ಮುದಿ ಕುರಿಗೆ ಅಕ್ಕಚ್ಚು ಕುಡಿಸುತ್ತಿದ್ದಳು. ಸ್ಟೋರಿನಿಂದ ಒಯ್ದಿದ್ದ ನುಚ್ಚಿನ ಚೀಲ ಹೊಸ್ತಿಲ ಪಕ್ಕ ಇಟ್ಟು ಎಲ್ಲ ಹೇಳಿದೆ. ಮೊಟ್ಟೆ, ಪಂಪು, ಮಜ್ಜಿಗೆ ಕೂಡ.

ಕೈ ನಿಲ್ಲಿಸಿದಳು. "ಅಂಗಾರೆ ನನ್ನ ಕೈಯಿಂದ ಸಾಯ್ಲಿಲ್ಲ ಅನ್ನಿ."

ಹದಿನೈದು ದಿನದಿಂದ ತಾನೇ ಕೊಂದೆ ಅಂತ ನಂಬಿದ್ದಾಳೆ ಈಕೆ. ನನಗೆ ಅದು ಹೊಳೆದೇ ಇರಲಿಲ್ಲ. ಎಂಥ ಮನುಷ್ಯ ನಾನು.

ನಾಳೆಯೇ ಪಂಚಾಯ್ತಿ ಕರೆಸ್ತೀನಿ ಅಂದೆ. ತಲೆ ಆಡಿಸಿದಳು.

"ಈಗ ಯೋಳಿದ್ರೆ ನೀರು ನಿಲ್ತದೆ. ಇನ್ನೂರು ಹೊಟ್ಟೆ. ಆಮೇಕೆ ದೊಣ್ಣೆ. ಬ್ಯಾಡ. ಮಳೆ ಬರ್ಲಿ. ನಮ್ಮ ಬಾವೀಲಿ ಒಸಿ ನೀರು ಬಂದ್ರೆ ಅವರ ಪಂಪಿನ ಹಂಗು ಇರಾಕಿಲ್ಲ. ಮಳೆ ಬಂದ ಮಾರ್ನೆ ದಿಸ ಬಂದು ಅರಳಿಕಟ್ಟೆ ತಾವ ಯೋಳಿ. ನಿಮ್ದು ನೀವು ಯೋಳಿ ಸಾಕು. ಅವರ್ದು ಅವರು ಯೋಳ್ತಾರೋ ಬುಡ್ತಾರೋ."

ಭಾಷೆ ಕೊಟ್ಟೆ. ಅಂಗೈ ಮೇಲೆ ಅಂಗೈ ಇಟ್ಟು. ಅವಳ ಕೈ ಒರಟು.

ಏಪ್ರಿಲ್ 14. ಯುಗಾದಿ

ಚನ್ನಪಟ್ಟಣಕ್ಕೆ, ಮನೆಗೆ ಹೋಗಿದ್ದೆ. ಅಮ್ಮ ಬೇವು ಬೆಲ್ಲ ಕೊಟ್ಟು, ಯಾಕೋ ಕೂತಲ್ಲಿ ಕೂರಲ್ಲವಲ್ಲ ನೀನು ಅಂದಳು. ಪಂಚಾಂಗದಲ್ಲಿ ಈ ವರ್ಷ ಮಳೆ ಚೆನ್ನಾಗಿದೆಯಂತೆ. ಖುಷಿ ಆಗಬೇಕಿತ್ತು.

ಮೇ 5. ಗುರುವಾರ

ರಾಮನಗರದಲ್ಲಿ ನಾಲ್ಕು ಹನಿ. ಮಣ್ಣಿನ ವಾಸನೆ ಬಂತು, ಅಷ್ಟೇ. ಇದು ಮಳೆ ಅಲ್ಲ.

ಮೇ 11. ಬುಧವಾರ

ಗುಡುಗು. ಮಾಗಡಿ ಕಡೆ ಕಪ್ಪಾಗಿತ್ತು. ರಸೂಲನನ್ನ ಕೇಳಿದೆ.

"ಕಲ್ಯದಲ್ಲಿ ರಸ್ತೆ ಒದ್ದೆ ಆಗಿತ್ತು ಸಾಬ್."

"ಒದ್ದೆ ಆದರೆ ಮಳೆ ಅಂತಾರೇನಯ್ಯಾ?"

ಅವನು ನನ್ನ ಮುಖ ನೋಡಿದ. ಬರಗಾಲದ ಲಾರಿ ಓಡಿಸೋನು, ಮಳೆ ಅಂದರೆ ಖುಷಿಪಡಬೇಕಾದ ಮೇಲಧಿಕಾರಿ ಯಾಕೆ ಹೀಗೆ ಉರಿದುಬೀಳ್ತಾನೆ ಅಂತ ಅವನಿಗೆ ಹೇಗೆ ಗೊತ್ತಾಗಬೇಕು.

ಮೇ 19. ಗುರುವಾರ

ನಿನ್ನೆ ಮಾಗಡಿ ಕಡೆ ಬಂದಿದ್ದು ಮಳೆಯೇ. ಒಂದು ಗಂಟೆ ಹೊಡೆಯಿತು. ಆದರೆ ಬಾವಿಗೆ ನೀರು ಬಂತೋ ಇಲ್ಲವೋ? ಅವಳು ಹೇಳಿದ್ದು ಬಾವಿಯ ಮಾತು. ಭೂಮಿ ಎರಡು ವರ್ಷದ ದಾಹ ಕುಡಿದ ಮೇಲೆ ತಾನೇ ಬಾವಿ. ಇನ್ನೊಂದು ಮಳೆ ಆಗಲಿ.

ಕನಕಪುರದ ಕೇಂದ್ರಗಳಿಗೆ ಹೋಗಿಬಂದೆ. ಹೋಗೋ ಅಗತ್ಯ ಇರಲಿಲ್ಲ.

ಮೇ 28. ಶನಿವಾರ

ಟ್ರಾನ್ಸ್‌ಫರ್ ಆರ್ಡರ್. ಜೂನ್ ಒಂದರಿಂದ ಕನಕಪುರದಲ್ಲೇ ಪೂರ್ತಿ. ಮಾಗಡಿ ಕಡೆ ನೋಡಿಕೊಳ್ಳಲು ಬೇರೆಯವರು ಬರ್ತಾರಂತೆ.

ಓದಿದ ತಕ್ಷಣ ಎದೆ ಹಗುರ ಆಯ್ತು. ಹಗುರ ಆಯ್ತಲ್ಲ ಅಂತ ನಾಚಿಕೆ ಆಯ್ತು. ಎರಡೂ ನಿಜ. ಹೊಸಬರು ಹೇಗೂ ಲಾರಿ ಕಳಿಸ್ತಾರೆ. ಒಂದು ಕಾಗದ ಬರೆದು ಬೋರಲಿಂಗಯ್ಯನವರಿಗೆ ಪೋಸ್ಟ್ ಮಾಡಿದರೆ? ಕಾಗದ ಅರಳಿಕಟ್ಟೆಯಲ್ಲಿ ಓದೋರು ಯಾರು. ಅವರಂತೂ ಅಲ್ಲ.

ಲಾರಿಗೆ ನುಚ್ಚು ತುಂಬಿಸಿ ಅಂಕನಪಾಳ್ಯಕ್ಕೆ ಕಳಿಸಿದೆ. ನಾನು ಹತ್ತಲಿಲ್ಲ.

ಮೇ 30. ಸೋಮವಾರ

ಲಾರಿ ವಾಪಸ್ ಬಂದಿಲ್ಲ. ಮಾಗಡಿಯಿಂದ ಟ್ರಂಕ್ ಕಾಲ್: ಎರಡು ದಿನದಿಂದ ಆ ಕಡೆ ಬಿಡದೆ ಮಳೆ, ಲಾರಿ ಕೆಸರಲ್ಲಿ ಹೂತಿತ್ತು, ಊರವರೇ ಸೇರಿ ಎತ್ತಿದ್ದಾರೆ. ಮೇಲಿನವರು ಕೆಳಗಿನವರು ಎಲ್ಲರೂ ಹಗ್ಗ ಹಿಡಿದರಂತೆ.

ಬಟ್ಟೆ ಪೆಟ್ಟಿಗೆ ಮುಚ್ಚಿದೆ. ಹಾಸಿಗೆ ಸುತ್ತಿದೆ. ಬಿಚ್ಚಿದೆ. ಮತ್ತೆ ಸುತ್ತಿದೆ.

ಮೇ 31. ಮಂಗಳವಾರ. ಬೆಳಿಗ್ಗೆ 8

ರೂಮಿನ ಮುಂದೆ ಲಾರಿ ಸದ್ದು. ರಸೂಲನ ಪಕ್ಕದಿಂದ ಇಳಿದವಳು ಮುನಿತಾಯಮ್ಮ. ಒದ್ದೆ ಸೀರೆ, ಮೊಣಕಾಲವರೆಗೆ ಕೆಸರು. ಒಳಗೆ ಬಾ ಅಂದೆ. ಬಾಗಿಲಲ್ಲೇ ನಿಂತಳು. ಕಟ್ಟಿದ ಹಾಸಿಗೆ ನೋಡಿದಳು.

"ಮಳೆ ಬಂತಲ್ಲ ಸಾರ್."

"ಬಾವಿಗೆ..." ಅಂದೆ.

"ಬಾವೀಲಿ ಆಳುದ್ದ ನೀರು ನಿಂತೈತೆ. ಅರಳಿಕಟ್ಟೆ ತಾವ ಎಲ್ರೂ ಬತ್ತಾರೆ ಇವತ್ತು, ಬೋರಲಿಂಗಣ್ಣನೂವೆ. ನಾನೇ ಕರುದ್ಬುಟ್ಟು ಬಂದಿವ್ನಿ. ಹೊಸ ಹುಳ ಹಣ್ಣಾಗಿ ಚಂದ್ರಿಕೆಗೆ ಬುಡಾಕೆ ಇನ್ನು ನಾಕು ದಿಸ."

ಅಷ್ಟೇ ಹೇಳಿ ಲಾರಿ ಹತ್ತಿ ಕೂತಿದ್ದಾಳೆ. ಷರಟು ಹಾಕಿಕೊಂಡು ಬರ್ತೀನಿ ಅಂತ ಒಳಗೆ ಬಂದವನು ಈ ಡೈರಿ ತೆಗೆದು ಕೂತಿದ್ದೀನಿ. ಅಲ್ಲಿ ಅಷ್ಟು ಜನದ ಮುಂದೆ ನಾಲಿಗೆ ಹೊರಳದೇ ಹೋದರೆ? ಹೇಳಬೇಕಾದ್ದನ್ನ ಒಂದು ಸಲ ಬರೆದುಕೊಂಡುಬಿಡೋಣ. ಸುತ್ತಿ ಬಳಸಿ ಬೇಡ. ಎರಡೇ ಮಾತು.

ರಸೂಲ್ ಹಾರ್ನ್ ಹೊಡೀತಿದ್ದಾನೆ.

ಅಣ್ಣಂದಿರೇ, ಅವತ್ತು ಮುನಿತಾಯಮ್ಮ ಬೇಡ ಬೇಡ ಅಂದರೂ ಒಗ್ಗರಣೆ ಹಾಕು ಅಂದವನು —