ನೆರಿಗೆಯೊಳಗಿನ ಗುಂಡಿ

ಮುಖ್ಯೋಪಾಧ್ಯಾಯಿನಿಯವರಿಗೆ ನಮಸ್ಕಾರ.

ನಿಮ್ಮ ಶಾಲೆಯ ಸಮವಸ್ತ್ರ ಹೊಲಿಯುವ ದರ್ಜಿ ನಾನು. ಕಳೆದ ವರ್ಷ, ನಿಮ್ಮಲ್ಲೇ ಓದುವ ನನ್ನ ಮಗಳ ಸೊಂಟದ ಅಳತೆ ಹೆಚ್ಚಾದಾಗ, ಟೇಪೇ ಸರಿಯಿಲ್ಲವೆಂದು ಹೊಸದು ಕೊಂಡಿದ್ದೆ. ನಿಜ ತಿಳಿದ ಮೇಲೆ ಮೂರು ತಿಂಗಳು ಅವಳೊಡನೆ ಮಾತು ಬಿಟ್ಟೆ.

ನಿನ್ನೆ ಅವಳು ಮಗುವಿಗೆ ಹಾಲೂಡಿಸುತ್ತಲೇ ಪಾಠ ಓದಿಕೊಳ್ಳುತ್ತಿದ್ದಳು. ಮಿಷನ್ ನಿಲ್ಲಿಸಿ ನೋಡುತ್ತಾ ಕೂತೆ.

"ಯಾಕಪ್ಪಾ, ಹಂಗೆ ನೋಡ್ತೀಯ?" ಅಂದಳು.

ಹದಿನೇಳರ ಹುಡುಗಿಗೆ ಇಷ್ಟೊಂದು ಕೈ ಎಲ್ಲಿಂದ ಬಂದವೆಂದು ಬೆರಗಾಗಿದ್ದೆ.

ದಯವಿಟ್ಟು ಸೋಮವಾರ ಅವಳನ್ನು ಪರೀಕ್ಷೆಗೆ ಕೂರಿಸಿಕೊಳ್ಳಿ. ನಡುವೆ ಹತ್ತು ನಿಮಿಷ ಹೊರಗೆ ಬಿಡಿ. ಮಗುವನ್ನೆತ್ತಿಕೊಂಡು ನಾನು ಗೇಟಿನ ಬಳಿ ಇರುತ್ತೇನೆ. ಹಾಲೂಡಿಸಲೆಂದು ಅವಳ ಸಮವಸ್ತ್ರದ ಎದೆಯ ನೆರಿಗೆಯೊಳಗೆ ಗುಂಡಿ ಇಟ್ಟಿದ್ದೇನೆ, ಹೊರಗೆ ಕಾಣುವುದಿಲ್ಲ. ಅದು ನಿಯಮಕ್ಕೆ ವಿರುದ್ಧವಾದರೆ ನನ್ನನ್ನು ಬೈಯಿರಿ.

ನಿಮ್ಮ ಉತ್ತರಕ್ಕಾಗಿ ಕಾಯುವ,
ಮಗುವಿನ ತಾತ