ಉಮ್ಮ್ ದರ್ದೀರಿಯ ಹೆಸರನ್ನು ಯಂತ್ರದ ಬಾಯಿಂದ ತೆಗೆಸಿ

ಮಾನ್ಯ ಡೀನ್ ಅವರೇ,

ಮೊದಲ ವರ್ಷದ ವಿದ್ಯಾರ್ಥಿನಿಯೊಬ್ಬಳು ನಿಮಗೆ ಪತ್ರಿಕೆಯಲ್ಲಿ ಬರೆಯುವುದು ಅಧಿಕಪ್ರಸಂಗ. ಮೊದಲೇ ಕ್ಷಮೆ ಕೇಳುತ್ತೇನೆ. ನಿಮ್ಮ ಬಾಗಿಲಲ್ಲಿ ಕಾದು ಸಾಕಾಗಿ ಬರೆಯುತ್ತಿದ್ದೇನೆ. ಬಹ್ರಿಯ ಮೀನುಗಾರರ ಕೇರಿಯ ಹೆಂಗಸರಿಗೆ ನೀವು ಕೊಟ್ಟ ಮಾತನ್ನು ನಿಮ್ಮದೇ ವಿಭಾಗ ಮುರಿದಿದೆ.

ಮಾನವಿಕ, ಸಮಾಜ, ತಂತ್ರಜ್ಞಾನ ಮೂರನ್ನೂ ಬೆಸೆಯುವ ಸ್ನಾತಕೋತ್ತರ ಪದವಿ ಎಂದು ನಂಬಿ ನಾನು ಅಲೆಕ್ಸಾಂಡ್ರಿಯಾಕ್ಕೆ ಬಂದೆ. ಅಪ್ಪ ಈ ಊರಿನವರು, ಅಮ್ಮ ಇಂಗ್ಲೆಂಡಿನವಳು, ಬೆಳೆದದ್ದು ಹಾಸ್ಟೆಲುಗಳಲ್ಲಿ. ಎಲ್ಲ ಕಡೆಯೂ ಅರ್ಧರ್ಧ ಆಗಿರುವವಳಿಗೆ ಬೆಸೆಯುವ ಓದಿಗಿಂತ ಆಸೆ ಹುಟ್ಟಿಸುವಂಥದ್ದು ಬೇರೇನಿದ್ದೀತು? ಮೊದಲ ದಿನ ನೀವು "ಯಂತ್ರಕ್ಕೆ ಮಾತು ಕಲಿಸುವ ಮುನ್ನ ಮರ್ಯಾದೆ ಕಲಿಸೋಣ" ಎಂದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ನಾನೇ. ಅಂಗೈ ಇನ್ನೂ ಉರಿಯುತ್ತಿದೆ.

ಕೇರಿಯ ಜೋಗುಳಗಳನ್ನು ಯಂತ್ರಕ್ಕೆ ಕಲಿಸುವ ಕೆಲಸ ನಮ್ಮ ಪಾಲಿಗೆ ಬಂತು. ದೋಣಿ ದುರಸ್ತಿ ಮಾಡುವ ದರ್ದೀರಿಯ ತಾಯಿ, ಉಮ್ಮ್ ದರ್ದೀರಿಯ ಮನೆಗೆ ನೀವೂ ಬಂದು ಕೂತಿರಿ. "ಏನೇ ಇಂಗ್ಲಿಷ್ ಹುಡುಗಿ, ಚಹಾಕ್ಕೆ ಇಷ್ಟೇ ಸಕ್ಕರೆನಾ? ಇದೇನು ಕಷಾಯ ಅಂದ್ಕೊಂಡ್ಯಾ?" ಎಂದು ಆಕೆ ನನ್ನನ್ನು ಛೇಡಿಸಿದರು. ಆಮೇಲೆ ನಿಮ್ಮತ್ತ ತಿರುಗಿದರು. "ಡಾಕ್ಟ್ರೇ, ಹಾಡ್ತೀನಿ. ಆದ್ರೆ ನನ್ನ ಹೆಸರು ಹೊರಗೆ ಬರಬಾರ್ದು."

"ಹಾಜ್ಜಾ, ಕಣ್ಣಲ್ಲಿ ಕಣ್ಣಿಟ್ಟು ಕಾಯ್ತೀನಿ," ಎಂದಿರಿ ನೀವು, ಇಲ್ಲಿ ಹಿರಿಯ ಹೆಂಗಸರನ್ನು ಗೌರವದಿಂದ ಕರೆಯುವ ಹಾಗೆ ಕರೆದು. ಎರಡನೇ ಲೋಟ ಚಹಾವನ್ನೂ ಕುಡಿದಿರಿ.

ಗಂಡಸೊಬ್ಬನ ತಾಯಿಯ ಹೆಸರನ್ನು ಇಲ್ಲಿ ಬೀದಿಯಲ್ಲಿ ಆಡುವುದಿಲ್ಲ; ಮಗನ ಹೆಸರು ಸೇರಿಸಿ 'ಉಮ್ಮ್', ಅಂದರೆ ಇಂಥವನ ತಾಯಿ, ಎಂದಷ್ಟೇ ಕರೆಯುತ್ತಾರೆ. ಅಮ್ಮನ ಊರಿನಲ್ಲಿ ಎಲ್ಲರನ್ನೂ ಹೆಸರು ಹಿಡಿದೇ ಕೂಗುವುದನ್ನು ಕಂಡ ನನಗೆ ಅದು ವಿಚಿತ್ರವೆನಿಸಿತ್ತು. ಸಮಾಜ ವಿಷಯದ ಮೇಡಂ ತಾಳ್ಮೆಯಿಂದ ಬಿಡಿಸಿ ಹೇಳಿದ್ದರು. ಚಳಿಗಾಲದ ರಜೆ ಮುಗಿಸಿ ಬಂದರೆ ಆ ತರಗತಿಯೂ ಇಲ್ಲ, ಮೇಡಮ್ಮೂ ಇಲ್ಲ. ಯಂತ್ರದ ಪಾಠಕ್ಕೆ ಸಮಯ ಸಾಲದೆಂದು ತೆಗೆದಿರಂತೆ. ಕೇರಿಯಲ್ಲಿ ಉಮ್ಮ್ ಮಹಮ್ಮದ್ ಎಂಬವರೇ ಐದಾರು ಮಂದಿ, ಯಂತ್ರಕ್ಕೆ ಗೊಂದಲ ಎಂದು ತಂತ್ರಜ್ಞಾನದವರು ಹಾಡಿದವರು ನಿಮ್ಮ ಕಚೇರಿಗೆ ಕೊಟ್ಟಿದ್ದ ಗುರುತಿನ ಚೀಟಿಗಳಿಂದ ಎಲ್ಲರ ಸ್ವಂತ ಹೆಸರನ್ನೂ ತುಂಬಿಬಿಟ್ಟರು. ಬೇಡ ಎನ್ನಲು ಯಾರನ್ನು ಉಳಿಸಿದ್ದಿರಿ?

ಈಗ ಕಡಲತೀರದ ನಿಮ್ಮ ಪ್ರದರ್ಶನದಲ್ಲಿ ಗುಂಡಿ ಒತ್ತಿದರೆ ಯಂತ್ರ ಕಲಿತ ಉಮ್ಮ್ ದರ್ದೀರಿಯದೇ ದನಿಯಲ್ಲಿ ಆಕೆಯ ಸ್ವಂತ ಹೆಸರು ಮೊಳಗುತ್ತದೆ, ಆಮೇಲೆ ಜೋಗುಳ. ಕಾಫಿ ಅಂಗಡಿಯಲ್ಲಿ ಯಾರೋ ದರ್ದೀರಿಗೆ, "ಏ ಇಂಥವಳ ಮಗನೇ, ನಿಮ್ಮಮ್ಮನ್ನ ಕರಿಯೋ, ನಂಗೂ ನಿದ್ದೆ ಬರ್ತಿಲ್ಲ!" ಎಂದರು. ಕುರ್ಚಿಗಳು ಹಾರಿದವು. ಅವರಂದ ಹೆಸರನ್ನು ನಾನಿಲ್ಲಿ ಬರೆಯಲಾರೆ. ಈ ಸಂಗತಿಯನ್ನೂ ಆಕೆಯನ್ನು ಕೇಳಿಯೇ ಬರೆಯುತ್ತಿದ್ದೇನೆ. ಕೇಳುವುದು ಅಷ್ಟು ಕಷ್ಟವೇನಲ್ಲ, ಸ್ವಾಮಿ.

ನಾನು ಹೋದಾಗ ಆಕೆ ಒಳಗೆ ಕರೆಯಲಿಲ್ಲ. ಮೆಟ್ಟಿಲ ಮೇಲೆಯೇ ಮಾತಾಡಿಸಿದರು. "ನಾಚ್ಕೊಂಡು ಹೇಳ್ತಿಲ್ಲ ಮಗಳೇ. ಚೆಂದದ ಹೆಸರೇ, ನಮ್ಮಮ್ಮ ಇಟ್ಟಿದ್ದು. ಅದನ್ನ ಯಾರ ಬಾಯಿಗೆ ಕೊಡ್ಬೇಕು ಅಂತ ನಾನಲ್ವಾ ಹೇಳ್ಬೇಕಾದ್ದು?" ಆ ಪ್ರಶ್ನೆಯನ್ನು ಹೊತ್ತು ನಿಮ್ಮ ಕಚೇರಿಗೆ ಬಂದೆ. ನಿಮ್ಮಲ್ಲಿ ಉತ್ತರವಿದೆಯೇ?

"ಮುಂದಿನ ಹಂತದಲ್ಲಿ ಪರಿಶೀಲಿಸಲಾಗುವುದು" ಎಂದು ನಿಮ್ಮ ಕಚೇರಿ ಹೇಳಿತು. ಗುಂಡಿ ಒತ್ತಿದರೆ ಬಾಯಿ ತೆರೆಯುವ ಯಂತ್ರಕ್ಕೆ ಬಾಯಿ ಮುಚ್ಚುವ ಗುಂಡಿಯೇ ಇಲ್ಲವೇ? ಅದನ್ನು ಇವತ್ತೇ ನಿಲ್ಲಿಸಿ. ಮೇಡಂ ಅವರನ್ನು ಮರಳಿ ಕರೆಸಿ. ಆಮೇಲೆ ಆ ಮೆಟ್ಟಿಲ ತನಕ ನೀವೇ ನಡೆದು ಹೋಗಿ ತಪ್ಪಾಯಿತೆನ್ನಿ. ಒಳಗೆ ಕರೆಯುವುದು ಬಿಡುವುದು ಆಕೆಗೆ ಬಿಟ್ಟದ್ದು. ನನ್ನ ಅಂಕಗಳು ನಿಮ್ಮ ಕೈಯಲ್ಲಿವೆ, ಹೆದರಿಕೆಯಾಗುತ್ತಿದೆ. ಆದರೂ ಕೇಳುತ್ತಿದ್ದೇನೆ: ದಯವಿಟ್ಟು ಬೇಗ ಉತ್ತರ ಕೊಡಿ.

ಇಂತಿ,
ನೀವು ಮಾತು ಕೊಟ್ಟಾಗ ಪಕ್ಕದಲ್ಲೇ ಕೂತು ನಂಬಿದ್ದ,
ಚಹಾಕ್ಕೆ ಸಕ್ಕರೆ ಕಡಿಮೆ ಹಾಕಿಕೊಂಡ ಹುಡುಗಿ